ಕತ್ತೆಗೇಕೆ ಆಸರೆ ಎನ್ನುವವರಿಗೆ

"ಕತ್ತಿಗೂ ಒಂದು ಆಶ್ರಮ ಬೇಕೇನ್ರೀ ಇನ್ನ?"

ವಿಜಯಪುರದಲ್ಲಿ ಈ ವಿಷಯ ಎತ್ತಿದವರಿಗೆ ಸಿಗುವ ಮೊದಲ ಉತ್ತರ ಇದು. ಹಿಂದೆಯೇ ಒಂದು ನಗೆ, ಆಮೇಲೆ ಚಹಾ, ಅಲ್ಲಿಗೆ ಮಾತು ಮುಗಿಯಿತು. ಮುದಿ ಎತ್ತಿಗೆ ಗೋಶಾಲೆ ಬೇಕೆಂದರೆ ಯಾರೂ ನಗುವುದಿಲ್ಲ. ಬೀದಿನಾಯಿಗೆ ಜಾಗ ಕೇಳಿದರೆ ಜಗಳಕ್ಕೆ ಬರುತ್ತಾರೆ, ಆದರೂ ನಗುವುದಿಲ್ಲ. ಕತ್ತೆಯ ಹೆಸರು ಬಂದಾಗ ಮಾತ್ರ ವಕೀಲರು, ಮಾಸ್ತರರು, ಪಾಲಿಕೆಯವರು, ಗೋಭಕ್ತರು, ಪ್ರಗತಿಪರರು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ನಗುತ್ತಾರೆ. ಇಷ್ಟು ಬಗೆಯ ಮಂದಿಯನ್ನು ಒಮ್ಮತಕ್ಕೆ ತಂದ ಸಂಗತಿ ನಮ್ಮೂರಲ್ಲಿ ಬೇರೊಂದಿಲ್ಲ.

ಈ ನಗೆಯ ಕೆಳಗೆ ಒಂದು ವಾದ ಇದೆ. ಕತ್ತೆಯ ಕಾಲ ಮುಗಿಯಿತು. ಹೊರೆಗೆ ಟಂಟಂ ಬಂತು, ಮಣ್ಣಿಗೆ ಜೆಸಿಬಿ ಬಂತು, ಮರಳಿಗೆ ಟಿಪ್ಪರ್, ಬಟ್ಟೆಗೆ ವಾಷಿಂಗ್ ಮಷಿನ್. ಕೆಲಸ ಕಳೆದುಕೊಂಡ ಪ್ರಾಣಿ ತಾನಾಗಿಯೇ ಕಡಿಮೆಯಾಗುತ್ತದೆ, ಅದಕ್ಕೆ ಜಾಗ, ಮೇವು, ಡಾಕ್ಟರು ಎಂದು ದುಡ್ಡು ಸುರಿಯುವುದು ತಲೆಕೆಟ್ಟವರ ಕೆಲಸ. ಓದಿದವರೂ ಓದದವರೂ ಇದನ್ನು ಸಮನಾಗಿ ನಂಬಿದ್ದಾರೆ. ಎಷ್ಟು ನಂಬಿದ್ದಾರೆಂದರೆ, ಇದೊಂದು ವಾದ ಎನ್ನುವುದೇ ಮರೆತುಹೋಗಿದೆ. ನಾನು ಹೇಳುವುದು ಇಷ್ಟೇ: ಈ ವಾದ ಸುಳ್ಳು. ಕತ್ತೆಯ ಕಾಲ ಮುಗಿದಿಲ್ಲ, ಕತ್ತೆಯ ಕೂಲಿ ಬಾಕಿ ಇದೆ. ಆ ಬಾಕಿ ತೀರಿಸದೆ ಬಾಗಿಲು ಹಾಕಿಕೊಳ್ಳಲು ನಾವು ಕಂಡುಕೊಂಡ ಉಪಾಯವೇ ಈ ವಾದ.

ಇಬ್ರಾಹಿಂಪುರದ ರೈಲ್ವೆ ಗೇಟಿನ ಕಡೆ, ಅಲ್ಲಿಂದ ಊರ ಹೊರಗಿನ ಖಾಲಿ ಸೈಟುಗಳ ಕಡೆ ಮಳೆಗಾಲದಲ್ಲಿ ಹೋಗಿ ನೋಡಿ. ಕಸದ ಗುಡ್ಡೆಯ ಪಕ್ಕ ಕತ್ತೆ ನಿಂತಿದ್ದರೆ "ಬೀಡಾಡಿ" ಎನ್ನುತ್ತ ಗಾಡಿ ಮುಂದೆ ಹೋಗುತ್ತದೆ. ಬೀಡಾಡಿಯೇ? ಇಟ್ಟಿಗೆ ಭಟ್ಟಿಯ ಹಂಗಾಮು ದೀಪಾವಳಿ ಕಳೆದ ಮೇಲೆ ಶುರುವಾದರೆ ಮುಂಗಾರು ಬೀಳುವ ತನಕ ನಡೆಯುತ್ತದೆ. ಅಷ್ಟು ತಿಂಗಳು ಕತ್ತೆಗೆ ಒಡೆಯ ಇರುತ್ತಾನೆ, ಗುರುತು ಇರುತ್ತದೆ, ಬೆಲೆ ಇರುತ್ತದೆ. ತಪ್ಪಿಸಿಕೊಂಡರೆ ಊರೂರು ಹುಡುಕುತ್ತಾರೆ. ಮಳೆ ಬಿದ್ದು ಭಟ್ಟಿ ನಿಂತ ದಿನ ಮುಂಗಾಲಿಗೆ ಹಗ್ಗ ಬಿಗಿದು ರಸ್ತೆಗೆ ಬಿಟ್ಟರೆ ಆಯಿತು, ಅದು ಬೀಡಾಡಿ. ಮುಂದಿನ ಹಂಗಾಮಿಗೆ ಬದುಕುಳಿದಿದ್ದರೆ ಒಡೆಯ ಮತ್ತೆ ಹುಟ್ಟಿ ಬರುತ್ತಾನೆ. ದುಡಿಮೆಯ ಲಾಭ ಭಟ್ಟಿಗೆ, ಮೇವಿನ ಖರ್ಚು ಊರಿನ ಕಸಕ್ಕೆ. ಪ್ಲಾಸ್ಟಿಕ್ ತಿಂದು ಹೊಟ್ಟೆ ಉಬ್ಬಿ ಸತ್ತರೆ ಹೆಣ ಎತ್ತುವ ಖರ್ಚು ಪಾಲಿಕೆಗೆ. ಕತ್ತೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಸಿಕ್ಕಿಕೊಂಡರೆ ಅಲ್ಲಿಗೇ ಮುಗಿಯಿತು. ಇದನ್ನು ಕಾಲಧರ್ಮ ಎನ್ನುತ್ತೀರಾ? ಇದು ಲೆಕ್ಕ ಹಾಕಿ ಮಾಡಿದ ವ್ಯವಹಾರ. ಇದರಲ್ಲಿ ನಷ್ಟ ಯಾರ ಪಾಲಿಗೆ ಬರಬೇಕು ಎಂದು ಮೊದಲೇ ತೀರ್ಮಾನವಾಗಿದೆ.

ಕಾನೂನು ಇಲ್ಲ ಎಂದೇನೂ ಅಲ್ಲ. 1965ರಲ್ಲಿ ಬಂದ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳ ಪ್ರಕಾರ ಕತ್ತೆಯ ಮೇಲೆ ಹೇರಬಹುದಾದದ್ದು ಗರಿಷ್ಠ 50 ಕಿಲೊ. ಇಟ್ಟಿಗೆಗೆ ಮೂರು ಕಿಲೊ ಹಿಡಿದರೆ ಹದಿನಾರು ಇಟ್ಟಿಗೆ. ಹದಿನಾರಕ್ಕೆ ಕೈ ತಡೆಯುವ ಭಟ್ಟಿ ಎಲ್ಲಾದರೂ ಕಂಡರೆ ನನಗೂ ತೋರಿಸಿ, ಮಾಲೆ ಹಾಕಿ ಬರುತ್ತೇನೆ. ದಿನಕ್ಕೆ ಒಂಬತ್ತು ಗಂಟೆ ಮೀರಿ ದುಡಿಸಬಾರದು, ಐದು ಗಂಟೆಗೆ ಮೀರಿ ಬಿಡುವಿಲ್ಲದೆ ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೊರೆ ಹೇರುವಂತೆಯೇ ಇಲ್ಲ. ವಿಜಯಪುರದ ಏಪ್ರಿಲ್ ತಿಂಗಳಲ್ಲಿ 37 ಡಿಗ್ರಿ ಎಂದರೆ ಜನ ಇವತ್ತು ಸ್ವಲ್ಪ ತಂಪು ಎನ್ನುತ್ತಾರೆ. ಅಂದರೆ ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಪ್ರತಿ ಮಧ್ಯಾಹ್ನ ಹೊರೆ ಹೊತ್ತ ಪ್ರತಿ ಕತ್ತೆಯೂ ನಡೆದಾಡುವ ಅಪರಾಧದ ಸಾಕ್ಷಿ. ಎಷ್ಟು ಕೇಸು ದಾಖಲಾಗಿವೆ ಎಂದು ಠಾಣೆಯಲ್ಲಿ ಕೇಳಿ ನೋಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟು ಕೈತೊಳೆದುಕೊಳ್ಳುವುದನ್ನೂ ಅಪರಾಧ ಎನ್ನುತ್ತದೆ. ದಂಡ? ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಯ ಬೆಲೆಗೂ ಸಾಲದ ದಂಡ ಇಟ್ಟುಕೊಂಡು ನಾವು ಅಹಿಂಸೆಯ ದೇಶ ಎಂದು ಭಾಷಣ ಮಾಡುತ್ತೇವೆ.

ಈಗ "ತಾನಾಗಿ ಕಡಿಮೆಯಾಗುತ್ತದೆ" ಎಂಬ ಮಾತಿಗೆ ಬರೋಣ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರ ಗಣತಿಯಲ್ಲಿ ಉಳಿದದ್ದು ಸುಮಾರು 1.2 ಲಕ್ಷ. ಶೇಕಡ 61ರಷ್ಟು ಮಾಯ. ಕರ್ನಾಟಕದಲ್ಲಿ ಸುಮಾರು 16 ಸಾವಿರ ಇದ್ದದ್ದು 9 ಸಾವಿರದ ಆಸುಪಾಸಿಗೆ ಇಳಿಯಿತು. ಸರಿಯಾಗಿ ನೋಡಿಕೊಂಡರೆ ಕತ್ತೆ ಮೂವತ್ತು ವರ್ಷ ಬಾಳುವ ಜೀವ. ಟ್ರ್ಯಾಕ್ಟರ್ ಊರಿಗೆ ಬಂತೆಂದು ಎದೆಯೊಡೆದು ಸಾಯುವ ಪ್ರಾಣಿ ಅಲ್ಲ. ಹೆಣ್ಣು ಕತ್ತೆ ಒಂದು ವರ್ಷ ಹೊತ್ತು ಒಂದೇ ಮರಿ ಹಾಕುತ್ತದೆ, ಆದ್ದರಿಂದ ಹುಟ್ಟುವುದು ನಿಧಾನ ಎನ್ನುವುದು ನಿಜ. ಆದರೆ ಇದ್ದ ಕತ್ತೆಗಳು? ಏಳು ವರ್ಷದಲ್ಲಿ ಎರಡು ಲಕ್ಷ ಕತ್ತೆ ಎಲ್ಲಿಗೆ ಹೋದವು? ಆನೆ ಕಾಣೆಯಾದರೆ ವಿಚಾರಣಾ ಆಯೋಗ ಕೂರುತ್ತದೆ. ಇಲ್ಲಿ ಎರಡು ಲಕ್ಷ ಪ್ರಾಣಿ ಲೆಕ್ಕದಿಂದ ಅಳಿಸಿಹೋದರೂ ವಿಧಾನಸಭೆಯಲ್ಲಿ ಯಾರೂ ಕೆಮ್ಮಲಿಲ್ಲ.

ಹೋದ ದಾರಿ ಗೊತ್ತಿದೆ. ಒಂದು ದಾರಿ ಆಂಧ್ರಕ್ಕೆ. ಪ್ರಕಾಶಂ, ಗುಂಟೂರು, ಕೃಷ್ಣಾ, ಪಶ್ಚಿಮ ಗೋದಾವರಿ ಜಿಲ್ಲೆಗಳ ಕೆಲವು ಕಡೆ ಕತ್ತೆ ಮಾಂಸ ತಿಂದರೆ ಸೊಂಟನೋವು ಹೋಗುತ್ತದೆ, ದಮ್ಮು ನಿಲ್ಲುತ್ತದೆ, ಗಂಡಸುತನ ಬರುತ್ತದೆ ಎಂಬ ನಂಬಿಕೆ ಬೆಳೆದಿದೆ. ದೇಶದ ಆಹಾರ ಕಾನೂನಿನಲ್ಲಿ ಕತ್ತೆ ತಿನ್ನುವ ಪ್ರಾಣಿಗಳ ಪಟ್ಟಿಯಲ್ಲೇ ಇಲ್ಲ, ಆದರೂ ಕಡಿಯುತ್ತಾರೆ, ಮಾರುತ್ತಾರೆ. ಕರ್ನಾಟಕ, ಮಹಾರಾಷ್ಟ್ರ, ರಾಜಸ್ಥಾನಗಳಿಂದ ಅಲ್ಲಿಗೆ ಕತ್ತೆ ಸಾಗುತ್ತಿರುವುದು ಪದೇ ಪದೇ ವರದಿಯಾಗಿದೆ. ಇನ್ನೊಂದು ದಾರಿ ಇನ್ನೂ ಉದ್ದ. ಚೀನಾದಲ್ಲಿ ಕತ್ತೆಯ ಚರ್ಮ ಕುದಿಸಿ ತೆಗೆದ ಅಂಟಿನಿಂದ ಎಜಿಯಾವೊ ಎಂಬ ಟಾನಿಕ್ ಮಾಡುತ್ತಾರೆ, ಸೌಂದರ್ಯಕ್ಕೂ ರಕ್ತಕ್ಕೂ ಒಳ್ಳೆಯದಂತೆ. ಈ ಚರ್ಮಕ್ಕಾಗಿ ಜಗತ್ತಿನಲ್ಲಿ ವರ್ಷಕ್ಕೆ ಕನಿಷ್ಠ 59 ಲಕ್ಷ ಕತ್ತೆಗಳು ಬಲಿಯಾಗುತ್ತಿವೆ ಎಂದು ಇಂಗ್ಲೆಂಡಿನ ಡಾಂಕಿ ಸ್ಯಾಂಕ್ಚುಯರಿ ಸಂಸ್ಥೆ 2024ರಲ್ಲಿ ಅಂದಾಜಿಸಿತು. ಭಾರತದಿಂದಲೂ ಜೀವಂತ ಕತ್ತೆ, ಚರ್ಮ, ಮಾಂಸ ಕದ್ದುಮುಚ್ಚಿ ಗಡಿ ದಾಟುತ್ತಿವೆ ಎಂದು ಬ್ರೂಕ್ ಇಂಡಿಯಾ ಸಂಸ್ಥೆಯ ತನಿಖಾ ವರದಿ 2022ರಲ್ಲಿ ಹೇಳಿತು.

ಈಗ ಹೇಳಿ, ಯಾರಿಗೆ ಬೇಡವಾಗಿದೆ ಕತ್ತೆ? ದಲ್ಲಾಳಿಗೆ ಬೇಕು. ಕಟುಕನಿಗೆ ಬೇಕು. ಟಾನಿಕ್ ಮಾರುವವನಿಗೆ ಬೇಕು. ಬೇಡ ಎನ್ನುತ್ತಿರುವವರು ನಾವು ಮಾತ್ರ. ನಾವು ಬೇಡ ಎಂದ ಕೂಡಲೇ ಅದರ ಬೆಲೆ ಇಳಿಯುತ್ತದೆ, ರಾತ್ರಿ ಲಾರಿ ಬಂದು ನಿಲ್ಲುತ್ತದೆ. ವಿಜಯಪುರದ ಮೇಲೆ ರಾಷ್ಟ್ರೀಯ ಹೆದ್ದಾರಿಗಳು ಹಾದುಹೋಗಿವೆ, ಸೊಲ್ಲಾಪುರದ ಕಡೆಯಿಂದ ಬರುವ 52, ಕಲಬುರಗಿಯಿಂದ ಹೊಸಪೇಟೆಗೆ ಹೋಗುವ 50. ಎತ್ತು ತುಂಬಿದ ಲಾರಿ ಈ ರಸ್ತೆಗಳಲ್ಲಿ ಸಿಕ್ಕರೆ ಅಡ್ಡಗಟ್ಟಲು ಹುಡುಗರ ದಂಡು ಸಿದ್ಧ. ಕತ್ತೆ ತುಂಬಿದ ಲಾರಿಗೆ ಅಡ್ಡ ನಿಂತ ದಂಡು ಯಾವುದು? ಮುದಿ ಕತ್ತೆಗೆ ಆಸರೆಯ ಜಾಗ ಇಲ್ಲದ ಊರು ಆ ಲಾರಿಗೆ ಪುಕ್ಕಟೆ ಸರಕು ಒದಗಿಸುವ ಊರು. ಇದಕ್ಕಿಂತ ಮೃದುವಾಗಿ ಹೇಳಲು ನನಗೆ ಬರುವುದಿಲ್ಲ.

ಇಷ್ಟರ ಮೇಲೆ ಕತ್ತೆ ನಮಗೆ ಕೆಲಸಕ್ಕೆ ಬಾರದ್ದು ಎನ್ನುವ ಮಾತಾದರೂ ನಿಜವೇ? ಮುಂಗಾರು ಕೈಕೊಟ್ಟ ವರ್ಷ ಉತ್ತರ ಕರ್ನಾಟಕದ ಊರೂರಲ್ಲಿ ಏನು ನಡೆಯುತ್ತದೆ ನೋಡಿ. ಅದೇ ಬೀಡಾಡಿ ಕತ್ತೆಗಳನ್ನು ಹಿಡಿದು ತಂದು, ಮೈ ತೊಳೆದು, ಅರಿಸಿನ ಹಚ್ಚಿ, ಸೀರೆ ಹೊದಿಸಿ, ಬಾಸಿಂಗ ಕಟ್ಟಿ, ಬಾಜಾಬಜಂತ್ರಿಯಲ್ಲಿ ಮದುವೆ ಮಾಡುತ್ತಾರೆ. ಅಕ್ಷತೆ ಬೀಳುತ್ತದೆ, ಊರಿಗೆಲ್ಲ ಊಟ ಆಗುತ್ತದೆ. ಮರುದಿನ ಮದುಮಕ್ಕಳು ಎಲ್ಲಿ? ಕಸದ ಗುಂಡಿಯ ಹತ್ತಿರ. ವರುಣ ಒಲಿಯಲು ಬೇಕು, ಮಳೆ ಬಂದ ಮೇಲೆ ಬೆಳೆದ ಮೇವಿನಲ್ಲಿ ಒಂದು ಹಿಡಿ ಪಾಲು ಬೇಡ. ಮಗುವಿಗೆ ಕೆಮ್ಮು, ನೆಗಡಿ, ದೃಷ್ಟಿ ಎಂದರೆ "ಕತ್ತಿ ಹಾಲ್ರೀ ಕತ್ತಿ ಹಾಲು" ಎಂದು ಕೂಗುತ್ತ ಬರುವ ಅಲೆಮಾರಿ ಹೆಣ್ಣುಮಗಳನ್ನು ಬಾಗಿಲಲ್ಲೇ ನಿಲ್ಲಿಸಿ, ಕೇಳಿದಷ್ಟು ಕೊಟ್ಟು ಒಂದು ಒಳಲೆ ಹಾಲು ಕುಡಿಸುತ್ತೇವೆ. ಬೆಂಗಳೂರಿನಲ್ಲಿ ಚಳವಳಿ ಸಪ್ಪೆ ಎನಿಸಿದರೆ ವಾಟಾಳ್ ನಾಗರಾಜರಿಗೆ ಕತ್ತೆ ಬೇಕು. ಯಾವ ಊರಿನಲ್ಲಿ ಯಾವ ಮಂತ್ರಿಯ ಮೇಲೆ ಸಿಟ್ಟು ಬಂದರೂ ಕೊರಳಿಗೆ ಫೋಟೊ ಕಟ್ಟಲು ಕತ್ತೆಯೇ ಬೇಕು. ಕಾರ್ಯವಾಸಿ ಕತ್ತೆ ಕಾಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೆಲಸ ಇದ್ದಾಗ ಕಾಲು ಹಿಡಿಯುವವರು ನಾವು, ಮುಗಿದ ಮೇಲೆ ಅದೇ ಕಾಲಿಗೆ ಹಗ್ಗ ಬಿಗಿಯುವವರೂ ನಾವೇ.

ಗೋವಿನ ವಿಷಯದಲ್ಲಿ ಸರ್ಕಾರದ ಹೃದಯ ಎಷ್ಟು ವಿಶಾಲ ಎಂಬುದನ್ನೂ ನೋಡಿದ್ದೇವೆ. 2020ರಲ್ಲಿ ಗೋಹತ್ಯೆ ತಡೆ ಕಾಯ್ದೆ ಬಂತು. 2022ರ ಬಜೆಟ್ಟಿನಲ್ಲಿ ಗೋಶಾಲೆಗಳನ್ನು 31ರಿಂದ 100ಕ್ಕೆ ಏರಿಸಲು 50 ಕೋಟಿ ರೂಪಾಯಿ ಎಂದರು. ವರ್ಷಕ್ಕೆ 11 ಸಾವಿರ ಕೊಟ್ಟು ಹಸು ದತ್ತು ಪಡೆಯಿರಿ ಎಂದು ಪುಣ್ಯಕೋಟಿ ಯೋಜನೆ ಮಾಡಿದರು. ನಮ್ಮ ಕಗ್ಗೋಡದಲ್ಲಿ ಗೋಶಾಲೆ ಇದೆ. ಇರಲಿ, ಇನ್ನೂ ಹತ್ತು ಆಗಲಿ, ನನ್ನ ತಕರಾರಿಲ್ಲ. ನನ್ನ ತಕರಾರು ಈ ದಯೆಯ ಗಡಿಗೆರೆಯ ಬಗ್ಗೆ. ಹಾಲು ಬತ್ತಿದ ಹಸುವಿಗೆ ಮೇವು ಹಾಕುವುದು ಪುಣ್ಯ, ಬೆನ್ನು ಮುರಿದ ಕತ್ತೆಗೆ ಹಾಕುವುದು ಹುಚ್ಚು ಎಂದಾದರೆ ಅದು ದಯೆ ಹೇಗಾಯಿತು? ಜಾತಿಪದ್ಧತಿಯನ್ನು ಮನುಷ್ಯರ ನಡುವೆ ಮಾಡಿ ಸಾಲದೆ ಪ್ರಾಣಿಗಳಿಗೂ ಹಂಚಿದ್ದೇವೆ.

ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ಕತ್ತೆಯನ್ನು ಸಾಕಿದವರು ಯಾರು? ಬಟ್ಟೆಗಂಟು ಹೇರಿದ ಅಗಸರು, ಮಣ್ಣು ಕಲ್ಲು ಹೇರಿದ ವಡ್ಡರು, ಕುಂಬಾರರು, ಉಪ್ಪು ಧಾನ್ಯ ಹೇರಿಕೊಂಡು ಊರೂರು ಅಲೆದ ಕೊರವರು, ಗುಡಿಸಲನ್ನೇ ಕತ್ತೆಯ ಮೇಲೆ ಹೊತ್ತು ನಡೆದ ಅಲೆಮಾರಿಗಳು. ಕುದುರೆ ಏರಿದವರು ದೊರೆಗಳು, ಆನೆ ಕಟ್ಟಿದವರು ಸುಲ್ತಾನರು. ಇಲ್ಲಿ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ಮೆಚ್ಚಿನ ಆನೆ ಆತಶ್ ಖಾನನ ಮೇಲೆ ಹಾಡು ಕಟ್ಟಿದ, ಅವನ ಆಸ್ಥಾನದ ಚಿತ್ರಕಾರರು ಅದರ ಚಿತ್ರ ಬರೆದರು. ಕತ್ತೆಗೆ ಚಿತ್ರವೂ ಇಲ್ಲ, ಹಾಡೂ ಇಲ್ಲ, ಅದರ ಪಾಲಿಗೆ ಬಂದದ್ದು ಬೈಗುಳ. ಮೊಂಡುತನ ಎನ್ನುತ್ತೇವೆ. ಹೆದರಿದಾಗ ಕುದುರೆ ಓಡುತ್ತದೆ, ಕತ್ತೆ ನಿಂತು ಯೋಚಿಸುತ್ತದೆ, ಅದರ ಸ್ವಭಾವ ಹಾಗೆ. ನೋವನ್ನು ತೋರಿಸಿಕೊಳ್ಳುವುದಿಲ್ಲ, ಆದ್ದರಿಂದ ನೋವೇ ಇಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೇವೆ. ಕತ್ತೆಯನ್ನು ಕಂಡು ನಗುವವರು ನಿಜಕ್ಕೂ ನಗುತ್ತಿರುವುದು ಕತ್ತೆ ಕಾಯ್ದವರನ್ನು ಕಂಡು. ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುವುದು ಅವಮಾನ ಎಂದು ಈ ಸಮಾಜ ಕಂಡುಕೊಂಡದ್ದು ಯಾರ ಬದುಕನ್ನು ನೋಡಿ?

ಇದೆಲ್ಲ ನಡೆಯುತ್ತಿರುವುದು ಯಾವ ನೆಲದಲ್ಲಿ ಎನ್ನುವುದನ್ನೂ ನೆನಪಿಡಬೇಕು. ಬಸವಣ್ಣನ ಬಾಗೇವಾಡಿ ಈ ಜಿಲ್ಲೆಯಲ್ಲಿದೆ. ಶರಣರ ಬಟ್ಟೆ ಮಡಿ ಮಾಡಿದ ಮಡಿವಾಳ ಮಾಚಿದೇವನ ದೇವರ ಹಿಪ್ಪರಗಿ ಈ ಜಿಲ್ಲೆಯಲ್ಲಿದೆ. ಪ್ರತಿ ಫೆಬ್ರವರಿ 1ಕ್ಕೆ ಸರ್ಕಾರಿ ಕಚೇರಿಗಳಲ್ಲಿ ಮಾಚಿದೇವರ ಜಯಂತಿ, ಫೋಟೊಗೆ ಹೂವು, ಕಾಯಕ ದಾಸೋಹದ ಬಗ್ಗೆ ಉಪನ್ಯಾಸ. ಆ ಉಪನ್ಯಾಸ ನಡೆಯುವ ಕಟ್ಟಡದ ಇಟ್ಟಿಗೆ ಹೊತ್ತು ತಂದದ್ದು ಯಾರು? ಕಾಯಕ ಮಾಡಿದ್ದು ಕತ್ತೆ, ದಾಸೋಹ ಉಂಡದ್ದು ನಾವು. ಊಟ ಮುಗಿಸಿ ಕೈ ತೊಳೆದು, ಕತ್ತೆಗೆ ಪಂಕ್ತಿಯಲ್ಲಿ ಜಾಗ ಯಾಕೆ ಎಂದು ಕೇಳುತ್ತಿದ್ದೇವೆ.

"ಮಂದಿಗೇ ಕುಡ್ಯಾಕ ನೀರಿಲ್ಲ, ಕತ್ತಿಗೆ ಎಲ್ಲಿಂದ ತರ್ತೀರಿ?" ಎನ್ನುವುದು ಮುಂದಿನ ಬಾಣ. ಕೇಳಲು ಬಲು ಮಾನವೀಯ. ಈ ಪ್ರಶ್ನೆ ಕೇಳುವವರನ್ನು ನಾನು ಎರಡು ಬಾರಿ ದಿಟ್ಟಿಸಿ ನೋಡುತ್ತೇನೆ, ಏಕೆಂದರೆ ಮಂದಿಯ ನೀರಿಗಾಗಿ ಇವರು ಬೀದಿಗಿಳಿದದ್ದನ್ನು ನೋಡಿದ ನೆನಪಿಲ್ಲ. ಬಡವರ ಹೆಸರು ಇವರಿಗೆ ನೆನಪಾಗುವುದು ಕತ್ತೆಗೆ ಏನಾದರೂ ಕೊಡಬೇಕಾದಾಗ ಮಾತ್ರ. 2025ರ ಜನವರಿಯಲ್ಲಿ ವಿಜಯಪುರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಕೂಲಿಗಳನ್ನು ಪೈಪಿನಿಂದ ಹೊಡೆಯುವ ವಿಡಿಯೊವನ್ನು ಇಡೀ ರಾಜ್ಯ ನೋಡಿತು. ಸಂಕ್ರಾಂತಿಗೆ ಊರಿಗೆ ಹೋಗಿ ಬಂದದ್ದು ಅವರ ಮೇಲಿದ್ದ ದೂರು. ಆ ಭಟ್ಟಿ ವ್ಯವಸ್ಥೆಯಲ್ಲಿ ಮನುಷ್ಯನಿಗೂ ಪ್ರಾಣಿಗೂ ಬೀಳುವುದು ಒಂದೇ ಏಟು. ಮುಂಗಡ ಕೊಟ್ಟು ಕಟ್ಟಿಹಾಕುವುದು, ಹಂಗಾಮು ಮುಗಿದ ಮೇಲೆ ಹೊರದಬ್ಬುವುದು, ಗಾಯವಾದರೆ ನಿನ್ನ ಹಣೆಬರಹ ಎನ್ನುವುದು. ಕತ್ತೆಯ ಗಾಯ ನೋಡಲು ಬಂದ ಡಾಕ್ಟರು ಕೂಲಿಯ ಗಾಯವನ್ನೂ ಕಾಣುತ್ತಾರೆ. ಭಟ್ಟಿಯೊಳಗೆ ಹೊರಗಿನ ಒಂದು ಕಣ್ಣು ಹೋಗದಿರಲಿ ಎನ್ನುವವರಿಗೆ ಮಾತ್ರ ಮಂದಿ ಮೊದಲೋ ಕತ್ತೆ ಮೊದಲೋ ಎಂಬ ಈ ಹುಸಿ ಜಗಳ ಬೇಕು. ಕತ್ತೆಯ ಒಡೆಯ ಎಂದರೆ ಎಷ್ಟೋ ಸಲ ಭಟ್ಟಿಯ ಮಾಲೀಕನಲ್ಲ, ಕತ್ತೆ ಸಮೇತ ದುಡಿಯಲು ಬಂದ ಬಡ ಕುಟುಂಬ. ಮುದಿ ಕತ್ತೆಯನ್ನು ದಲ್ಲಾಳಿಗೆ ಮಾರುವುದೊಂದೇ ಅದಕ್ಕಿರುವ ದಾರಿ. ಇನ್ನೊಂದು ದಾರಿ ಕೊಡದೆ ಆ ಕುಟುಂಬವನ್ನು ಕ್ರೂರಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆಸರೆ ಬೇಕಿರುವುದು ಆ ಕುಟುಂಬಕ್ಕೂ ಸೇರಿಯೇ.

ಈಚೆಗೆ ಹೊಸ ಬುದ್ಧಿವಂತರು ಹುಟ್ಟಿಕೊಂಡಿದ್ದಾರೆ. ಆಸರೆ ಯಾಕೆ, ಕತ್ತೆ ಹಾಲಿನ ಉದ್ಯಮ ಬರಲಿ, ಕತ್ತೆಗೆ ಬೆಲೆ ಬಂದರೆ ತಾನಾಗಿ ಉಳಿಯುತ್ತದೆ ಎನ್ನುತ್ತಾರೆ. ಹೊಸಪೇಟೆಯಲ್ಲಿ 2024ರಲ್ಲಿ ಏನಾಯಿತು? ಕತ್ತೆ ಕೊಳ್ಳಿ, ಲೀಟರಿಗೆ ಎರಡು ಸಾವಿರಕ್ಕೂ ಮೇಲೆ ಕೊಟ್ಟು ಹಾಲು ನಾವೇ ಕೊಳ್ಳುತ್ತೇವೆ ಎಂದ ಕಂಪನಿಯನ್ನು ನಂಬಿ ರೈತರು ಲಕ್ಷಗಟ್ಟಲೆ ಕಟ್ಟಿದರು. ಕೊನೆಗೆ ಕಂಪನಿಯ ಕಚೇರಿಗೆ ಬೀಗ, ರೈತರು ಪೊಲೀಸ್ ಠಾಣೆಯ ಮುಂದೆ, ಕೊಟ್ಟಿಗೆಯಲ್ಲಿ ಕತ್ತೆಗಳು. ಹೀಗೆ ಆಗಲೇಬೇಕಿತ್ತು. ನಮ್ಮ ಸೀಮೆಯ ಕತ್ತೆ ದಿನಕ್ಕೆ ಒಂದು ಲೀಟರ್ ಹಾಲು ಕೊಡುವುದೇ ಕಷ್ಟ, ಅದೂ ಮರಿ ಜೊತೆಗಿದ್ದರೆ ಮಾತ್ರ ಸೊರೆ ಬಿಡುತ್ತದೆ. ಹಾಲು ಬೇಕೆಂದರೆ ವರ್ಷ ವರ್ಷ ಮರಿ ಬೇಕು. ಹುಟ್ಟಿದ ಗಂಡುಮರಿ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗೆ ಉದ್ಯಮದ ಕರಪತ್ರದಲ್ಲಿ ಉತ್ತರ ಇರುವುದಿಲ್ಲ.

ದಿಲ್ಲಿಯಲ್ಲೂ ಇದೇ ತರ್ಕ. 2024ರ ಫೆಬ್ರವರಿಯಲ್ಲಿ ಆಫ್ರಿಕಾ ಒಕ್ಕೂಟದ ದೇಶಗಳು ಅಡಿಸ್ ಅಬಾಬಾದಲ್ಲಿ ಸೇರಿ ಕತ್ತೆ ಚರ್ಮದ ವ್ಯಾಪಾರಕ್ಕೆ 15 ವರ್ಷ ತಡೆ ಹಾಕಲು ನಿರ್ಧರಿಸಿದವು. ಅದೇ ಫೆಬ್ರವರಿಯಲ್ಲಿ ನಮ್ಮ ಕೇಂದ್ರ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆಗಳ ಉದ್ಯಮಕ್ಕೆ ಶೇಕಡ 50ರ ಸಬ್ಸಿಡಿ, 50 ಲಕ್ಷದವರೆಗೆ, ಎಂದು ತೀರ್ಮಾನಿಸಿತು. ಕತ್ತೆ ಹುಟ್ಟಿಸುವವನಿಗೆ 50 ಲಕ್ಷದವರೆಗೆ ಉಂಟು. ಹುಟ್ಟಿ, ದುಡಿದು, ಕುಂಟಾದ ಕತ್ತೆಯನ್ನು ನೋಡಿಕೊಳ್ಳುವವನಿಗೆ? ತಳಿ ಉಳಿಸುತ್ತೇವೆ ಎನ್ನುತ್ತಾರೆ. ತಳಿ ಎಂದರೆ ಗಣತಿಯ ಪುಸ್ತಕದಲ್ಲಿ ಬರುವ ಅಂಕಿ ಮಾತ್ರವೇ? ರಸ್ತೆಬದಿಗೆ ನಿಂತಿರುವ, ಬೆನ್ನು ಹುಣ್ಣಾದ ಈ ಒಂದು ಕತ್ತೆ ಯಾವ ತಳಿಗೂ ಸೇರುವುದಿಲ್ಲವೆಂದು ತೋರುತ್ತದೆ.

ಇದು ಪರದೇಶದವರ ಶೋಕಿ ಎಂಬ ಆಪಾದನೆ ಉಳಿಯಿತು. ಸರಿ, ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಹೋಟೆಲು ನಡೆಸುತ್ತಿದ್ದ ಎಲಿಜಬೆತ್ ಸ್ವೆಂಡ್ಸನ್ ಎಂಬ ಹೆಣ್ಣುಮಗಳು 1969ರಲ್ಲಿ ಕತ್ತೆಗಳ ಆಸರೆ ಶುರು ಮಾಡಿದರು. 1974ರಲ್ಲಿ ಮತ್ತೊಬ್ಬ ಮಹಿಳೆ ಸಾಯುವಾಗ ತಾವು ಸಾಕಿದ್ದ 204 ಕತ್ತೆಗಳನ್ನು ಉಯಿಲಿನಲ್ಲಿ ಇವರ ಹೆಸರಿಗೆ ಬರೆದುಬಿಟ್ಟರು. ಇವರು ಕೈ ಚೆಲ್ಲಲಿಲ್ಲ. ಅದೇ ಇವತ್ತಿನ ಡಾಂಕಿ ಸ್ಯಾಂಕ್ಚುಯರಿ. ಆದರೆ ಮುಂಬಯಿಯ ಪಾಂಜರಪೋಳ 1834ರಷ್ಟು ಹಳೆಯದು, ಪಾರಸಿ ಮತ್ತು ಜೈನ ವರ್ತಕರು ಕಟ್ಟಿದ್ದು. ಕೆಲಸಕ್ಕೆ ಬಾರದ ಪ್ರಾಣಿಗೆ ಅನ್ನ ಹಾಕುವುದನ್ನು ನಮಗೆ ಇಂಗ್ಲೆಂಡು ಕಲಿಸಬೇಕಿರಲಿಲ್ಲ. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಸಾಂಗ್ಲಿ, ಸೊಲ್ಲಾಪುರ ಸೀಮೆಯಲ್ಲಿ 2003ರಿಂದ ಆ್ಯನಿಮಲ್ ರಾಹತ್ ಸಂಸ್ಥೆ ಎತ್ತು, ಕತ್ತೆ, ಕುದುರೆಗಳಿಗೆ ಪುಕ್ಕಟೆ ಚಿಕಿತ್ಸೆ ಕೊಡುತ್ತಿದೆ. ಇಟ್ಟಿಗೆ ಭಟ್ಟಿಗಳಲ್ಲಿ ಕತ್ತೆಯ ಬದಲು ಸಣ್ಣ ಟ್ರ್ಯಾಕ್ಟರ್ ಬರುವಂತೆ ಮಾಡಿ, ಬಿಡುಗಡೆಯಾದ ಪ್ರಾಣಿಗಳನ್ನು ಆಸರೆಗೆ ಕಳಿಸುತ್ತಿದೆ. ವಿಜಯಪುರದಲ್ಲಿ ರೈಲು ಹತ್ತಿದರೆ ಸೊಲ್ಲಾಪುರ ಎಷ್ಟು ದೂರ? ಅಲ್ಲಿ ಆಗುವುದು ಇಲ್ಲಿ ಹುಚ್ಚು ಹೇಗಾಗುತ್ತದೆ?

ಖರ್ಚಿನ ಲೆಕ್ಕವನ್ನೂ ಮಾಡೋಣ, ಏಕೆಂದರೆ ಕೊನೆಗೆ ಎಲ್ಲರೂ ಅಡಗಿಕೊಳ್ಳುವುದು ಅದರ ಹಿಂದೆ. ಕತ್ತೆ ಒಣ ನೆಲದ ಪ್ರಾಣಿ. ಹಸಿ ಹುಲ್ಲು, ಕಾಳು ಹೆಚ್ಚಾದರೇ ಅದಕ್ಕೆ ಕಾಯಿಲೆ, ಬೊಜ್ಜು ಬಂದು ಗೊರಸು ಕೆಡುತ್ತದೆ. ಅದರ ತೂಕದ ನೂರಕ್ಕೆ ಎರಡು ಪಾಲಿಗಿಂತ ಕಡಿಮೆ ಒಣ ಮೇವು ದಿನಕ್ಕೆ ಸಾಕು. ನೂರು ಕಿಲೊ ತೂಗುವ ಕತ್ತೆಗೆ ಹೆಚ್ಚೆಂದರೆ ಎರಡು ಕಿಲೊ. ಬಿಳಿಜೋಳದ ಕಣಿಕಿಗೆ ಹೆಸರಾದ ಸೀಮೆಯಿದು. ಬಬಲೇಶ್ವರ, ತಿಕೋಟಾ ಕಡೆಯ ಹೊಲಗಳಲ್ಲಿ ಸುಗ್ಗಿಯ ನಂತರ ಕಣಿಕಿಯ ಬಣವೆಗಳು ನಿಲ್ಲುವುದನ್ನು ನೋಡಿದವರಿಗೆ ಈ ಎರಡು ಕಿಲೊ ಎಂಥ ದೊಡ್ಡ ಭಾರ ಎಂದು ಹೇಳಬೇಕೇ? ಒಂದು ಹಸುವಿನ ಮೇವಿನಲ್ಲಿ ನಾಲ್ಕೈದು ಕತ್ತೆ ಬದುಕುತ್ತವೆ. ಎರಡು ತಿಂಗಳಿಗೊಮ್ಮೆ ಗೊರಸು ಕತ್ತರಿಸಬೇಕು. ಎತ್ತಿಗೆ ನಾಲು ಕಟ್ಟುತ್ತಿದ್ದ ನಾಲಬಂದರು ಈ ಊರಲ್ಲೇ ಇದ್ದಾರೆ, ಎತ್ತು ಕಡಿಮೆಯಾಗಿ ಅವರಿಗೂ ಕೆಲಸ ಇಲ್ಲ. ತರಬೇತಿ ಕೊಟ್ಟರೆ ಜಿಲ್ಲೆಯ ಕತ್ತೆಗಳ ಗೊರಸು ಅವರ ಕೈಯಲ್ಲಿ ಸರಿಯಾಗುತ್ತದೆ. ಕತ್ತೆ ಕಾಯುವುದನ್ನು ವಂಶಪಾರಂಪರ್ಯವಾಗಿ ಬಲ್ಲ ಕುಟುಂಬಗಳಿಗೆ ಅಲ್ಲೇ ಸಂಬಳದ ಕೆಲಸ ಸಿಗಬೇಕು. ಪದವಿ ಓದಿದ ಮ್ಯಾನೇಜರನಿಗಿಂತ ಅವರಿಗೆ ಕತ್ತೆಯ ಕಿವಿಯ ಭಾಷೆ ಹೆಚ್ಚು ಗೊತ್ತು. ಗಂಡುಗಳಿಗೆ ಬೀಜ ಒಡೆಸಲೇಬೇಕು, ಇಲ್ಲದಿದ್ದರೆ ಆಸರೆ ಹೋಗಿ ದೊಡ್ಡಿಯಾಗುತ್ತದೆ. ಜೋಡಿಯಾಗಿ ಬಾಳಿದ ಕತ್ತೆಗಳನ್ನು ಅಗಲಿಸಬಾರದು, ಅಗಲಿಸಿದರೆ ಒಂದು ಮೇವು ಬಿಟ್ಟು ಸಾಯಲೂಬಹುದು. ಇಷ್ಟು ತಿಳಿದವರು ನಡೆಸಬೇಕು. ಮಂತ್ರಿ ಬಂದು ರಿಬ್ಬನ್ ಕತ್ತರಿಸಿ ಹೋದ ಮೇಲೆ ನೀರಿನ ತೊಟ್ಟಿ ಒಣಗುವ ತಾಣ ಬೇಡವೇ ಬೇಡ.

ನಮ್ಮ ಕಾನೂನಿನ ಕಣ್ಣಿಗೆ ಕತ್ತೆ ಹಿಂದೆಯೇ ಬಿದ್ದಿತ್ತು, ಇದೊಂದು ವಿಚಿತ್ರ. ಬ್ರಿಟಿಷರು 1871ರಲ್ಲಿ ಮಾಡಿದ ಜಾನುವಾರು ಅತಿಕ್ರಮಣ ಕಾಯ್ದೆಯಲ್ಲಿ ದನ ಎಂಬ ಪಟ್ಟಿಯೊಳಗೆ ಆನೆ, ಒಂಟೆ, ಕುದುರೆಗಳ ಜೊತೆ ಕತ್ತೆಯನ್ನೂ ಸೇರಿಸಿದ್ದರು. ಹೊಲ ಮೇಯ್ದರೆ ಕೊಂಡವಾಡಕ್ಕೆ ಹಾಕಿ ದಂಡ ವಸೂಲಿ ಮಾಡಲು. ದಂಡ ಹಾಕುವಾಗ ಕತ್ತೆಯೂ ದನ. ಗೋಶಾಲೆಯ ಅನುದಾನ ಹಂಚುವಾಗ?

ಆದ್ದರಿಂದ ಬೇಡಿಕೆಗಳನ್ನು ನೇರವಾಗಿ ಇಡುತ್ತೇನೆ. 2001ರ ಕೇಂದ್ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಪ್ರಾಣಿ ಹಿಂಸೆ ತಡೆ ಸಂಘ ಇರಬೇಕು, ಅದರ ಚಿಕಿತ್ಸಾಲಯಕ್ಕೂ ಆಸರೆಗೂ ಸರ್ಕಾರ ಜಾಗ ಕೊಡಬೇಕು. ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ದಾನ ಅಲ್ಲ, ಕಾನೂನು ಹೇಳಿರುವ ಕೆಲಸ. ಇಬ್ರಾಹಿಂಪುರದ ಆಚೆಗೋ ತಿಕೋಟಾ ರಸ್ತೆಯಲ್ಲೋ ನಾಲ್ಕೆಕರೆ ಗೈರಾಣ ಜಾಗ ಗುರುತಿಸಿ. ಗೋಶಾಲೆಗೆ ಕೊಡುವ ಅನುದಾನದ ನಿಯಮದಲ್ಲಿ ಕತ್ತೆ, ಕುದುರೆಗಳ ಹೆಸರು ಸೇರಿಸಿ. 1962ಕ್ಕೆ ಕರೆ ಮಾಡಿದರೆ ಬರುವ ಪಶು ಸಂಜೀವಿನಿ ಆಂಬುಲೆನ್ಸು ಗಾಯಗೊಂಡ ಕತ್ತೆಗೂ ಬರಬೇಕು, ಒಡೆಯ ಯಾರೆಂದು ಕೇಳುತ್ತ ಅಲ್ಲೇ ನಿಲ್ಲಬಾರದು. ಭಟ್ಟಿಗೆ ಪರವಾನಗಿ ಕೊಡುವಾಗ ಅಲ್ಲಿ ದುಡಿಯುವ ಪ್ರತಿ ಕತ್ತೆಯ ನೋಂದಣಿ ಆಗಲಿ, ಭಟ್ಟಿಯ ಮಾಲೀಕರಿಂದ ಕತ್ತೆಗೆ ಇಷ್ಟೆಂದು ನಿವೃತ್ತಿ ಹಣ ಕಟ್ಟಿಸಿಕೊಳ್ಳಲಿ. ಇಟ್ಟಿಗೆಯ ಬೆಲೆಯಲ್ಲಿ ಕಲ್ಲಿದ್ದಲಿದೆ, ಡೀಸೆಲ್ ಇದೆ, ಕತ್ತೆಯ ಬೆನ್ನು ಮಾತ್ರ ಯಾಕೆ ಪುಕ್ಕಟೆ? ಮುದಿ ಕತ್ತೆಯನ್ನು ತಂದು ಒಪ್ಪಿಸಿದ ಬಡ ಕುಟುಂಬಕ್ಕೆ ದಲ್ಲಾಳಿ ಕೊಡುವಷ್ಟಾದರೂ ಕೈಗೆ ಬರುವಂತಿರಲಿ, ಇಲ್ಲದಿದ್ದರೆ ರಾತ್ರಿಯ ಲಾರಿಯೇ ಗೆಲ್ಲುತ್ತದೆ. 50 ಮತ್ತು 52ನೇ ಹೆದ್ದಾರಿಗಳ ತಪಾಸಣಾ ಠಾಣೆಗಳಲ್ಲಿ ಕತ್ತೆ ಸಾಗಣೆಯ ಮೇಲೆ ಕಣ್ಣಿಡಲಿ. ಯಾವುದೇ ಪ್ರಾಣಿಯನ್ನು ಕೊಂದು ಹಾನಿ ಮಾಡಿದರೆ ಐದು ವರ್ಷದವರೆಗೆ ಸೆರೆ ಎನ್ನುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಪೊಲೀಸರ ಕೈಯಲ್ಲೇ ಇದೆ. ಹತ್ತು ರೂಪಾಯಿ ದಂಡದ ಕಾನೂನು ಹಿಡಿದು ಕೂರುವ ಅಗತ್ಯವಿಲ್ಲ.

ಮಳೆಗಾಗಿ ಕತ್ತೆ ಮದುವೆ ಮಾಡುವ ಊರಿನ ಹಿರಿಯರಿಗೂ ಒಂದು ಮಾತು. ಮುಂದಿನ ಸಲ ಮದುವೆ ಮಾಡುವಿರಾದರೆ ಮದುಮಕ್ಕಳ ಹೆಸರಿಗೆ ಒಂದು ಬಣವೆ ಕಣಿಕಿ ತೆಗೆದಿಡಿ. ಕೊಡಲಾಗದಿದ್ದರೆ ಬಾಸಿಂಗ ಕಟ್ಟಬೇಡಿ.

ಓದುಗರಿಗೆ ನನ್ನ ವಿನಂತಿ ಇಷ್ಟೇ. ಈ ಮುಂಗಾರು ಬಿದ್ದು ಭಟ್ಟಿಗಳು ನಿಲ್ಲುವ ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಬರೆಯಿರಿ, ಪಾಲಿಕೆಗೆ ಇನ್ನೊಂದು. ಪ್ರಾಣಿ ಹಿಂಸೆ ತಡೆ ಸಂಘದ ಕೊನೆಯ ಸಭೆ ಯಾವಾಗ ನಡೆಯಿತು, ಆಸರೆಗೆ ಜಾಗ ಯಾವುದು, ಕತ್ತೆಗೆ ಅದರಲ್ಲಿ ಪಾಲೆಷ್ಟು ಎಂದು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅದನ್ನೇ ಕೇಳಿ. ನಾಲ್ಕೆಕರೆ ಜಾಗ, ಒಂದು ಬೋರ್‌ವೆಲ್, ನೆರಳಿಗೆ ಒಂದಿಷ್ಟು ಬೇವಿನ ಮರ, ವಾರಕ್ಕೊಮ್ಮೆ ಬರುವ ಡಾಕ್ಟರು. ಈ ಜಿಲ್ಲೆ ಕೊಡಬೇಕಿರುವ ಸಾಲದಲ್ಲಿ ಇದು ಬಡ್ಡಿಯೂ ಅಲ್ಲ.